ಮೂರು ಬೆರಳಿನ ಲೆಕ್ಕ

ಶಹಾಪುರ
ಬುಧವಾರ

ಚಿರಂಜೀವಿ ಬಸುಗೆ ಅತ್ತೆಯ ಆಶೀರ್ವಾದ.

ಮೊನ್ನೆ ಮದುವೆ ಊಟದಲ್ಲಿ ನಿನ್ನ ಎದುರು ಸಾಲಿನಲ್ಲೇ ಕೂತಿದ್ದೆ. ರೊಟ್ಟಿಯನ್ನು ಚೂರು ಚೂರು ಮಾಡಿ ಬಾಯಿಗೆ ಹಾಕುತ್ತಿದ್ದೆ ನೀನು. ಶೇಂಗಾ ಹಿಂಡಿ ಮುಟ್ಟಲಿಲ್ಲ. ಎಣ್ಣೆಗಾಯಿ ಬದಿಗೆ ಸರಿಸಿ ಬರೀ ಮೊಸರು ಕಲಸಿಕೊಂಡೆ. ಹಸಿಮೆಣಸಿನಕಾಯಿ ಕಚ್ಚಿಕೊಂಡು ಉಣ್ಣುತ್ತಿದ್ದ ಹುಡುಗ ಇವನೇನಾ ಅನಿಸಿತು. ಕೇಳಿದರೆ, "ಬಾಯಿ ಉರಿಯುತ್ತೆ ಅತ್ತೆ, ಹೀಟ್ ಆಗಿರಬೇಕು" ಅಂದೆ. ಎಲ್ಲರ ಎದುರು ನಾನೇನೂ ಅನ್ನಲಿಲ್ಲ. ಆದರೆ 26 ವರ್ಷ ಹಲ್ಲಿನ ಡಾಕ್ಟರ ಪಕ್ಕ ನಿಂತು ಬ್ಯಾಟರಿ ಹಿಡಿದವಳು ನಾನು. ನನಗೆ ಅದು ಹೀಟ್ ಅನಿಸಲಿಲ್ಲ.

ಈ ಕಾಗದ ಓದಿದ ಕೂಡಲೇ ಕನ್ನಡಿ ಮುಂದೆ ನಿಲ್ಲು. ಬಾಯಿ ಪೂರ್ತಿ ತೆರೆ. ತೋರುಬೆರಳು, ನಡುಬೆರಳು, ಉಂಗುರದ ಬೆರಳು ಮೂರನ್ನೂ ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಡು. ಹಿಡಿಸಬೇಕು. ಎರಡೇ ಹಿಡಿಸಿದರೆ ಸುಮ್ನೆ ಕೂರುವ ಮಾತಿಲ್ಲ. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಗಿನ ಮೆತ್ತನೆ ಚರ್ಮ ನಾರುಗಟ್ಟುತ್ತದೆ. ಮೊದಲು ಖಾರ ತಿಂದರೆ ಉರಿ. ಆಮೇಲೆ ಕೆನ್ನೆಯ ಒಳಗೆ ಬಿಳಿಚಿಕೊಳ್ಳುತ್ತದೆ, ಬೆರಳಾಡಿಸಿದರೆ ಹಗ್ಗದಂಥ ಪಟ್ಟಿ ಸಿಗುತ್ತದೆ. ಕೊನೆಗೆ ತುತ್ತು ಇಡಲೂ ಬಾಯಿ ತೆರೆಯುವುದಿಲ್ಲ. ಡಾಕ್ಟರು ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತಾರೆ. ಒಮ್ಮೆ ಗಟ್ಟಿಯಾದ ನಾರು ಮೊದಲಿನಂತಾಗುವುದು ಕಷ್ಟ, ಮುಂದೆ ಕ್ಯಾನ್ಸರಿಗೂ ತಿರುಗಬಹುದು. ಚಟ ಈಗಲೇ ಬಿಟ್ಟರೆ ಇನ್ನಷ್ಟು ಕೆಡುವುದನ್ನಾದರೂ ತಡೆಯಬಹುದು. "ನಾನು ತಂಬಾಕು ತಿನ್ನಲ್ಲ, ಬರೀ ಸಾದಾ ಪಾನ್ ಮಸಾಲಾ" ಅಂತ ನನಗೆ ಹೇಳಬೇಡ. ಈ ರೋಗ ತರುವುದೇ ಅಡಿಕೆ. 2013ರಲ್ಲಿ ನಮ್ಮ ಸರ್ಕಾರ ಗುಟ್ಕಾ ನಿಷೇಧಿಸಿತು. ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಆಗಿ ಅದೇ ಅಂಗಡಿಯಲ್ಲಿ ತೂಗಾಡಿತು. ಪಾಕೀಟು ಎರಡಾದರೆ ಬಾಯಿಗೇನು ಗೊತ್ತಾಗುತ್ತದೆ?

ನಿನ್ನ ಮುತ್ಯಾನ ವಿಷಯ ನಿನಗೆ ಯಾರೂ ಸರಿಯಾಗಿ ಹೇಳಿಲ್ಲ. ನಮ್ಮಪ್ಪ ಎಡಗೆನ್ನೆಯಲ್ಲಿ ಸುಣ್ಣ-ತಂಬಾಕು ಇಡುತ್ತಿದ್ದ. ಅದೇ ಜಾಗದಲ್ಲಿ ಒಂದು ಬಿಳಿ ಕಲೆ ಎದ್ದಿತು. ಸುಣ್ಣ ಸುಟ್ಟಿದೆ ಅಂದುಕೊಂಡೆವು. ನೋವಿರಲಿಲ್ಲ, ಅದಕ್ಕೇ ಎರಡು ವರ್ಷ ಬಿಟ್ಟೆವು. ಕುತ್ತಿಗೆಯಲ್ಲಿ ಗಂಟು ಕಂಡಾಗ ತಡವಾಗಿತ್ತು. ಆಗ ನಾನು ಇದೇ ಕೆಲಸದಲ್ಲಿದ್ದೆ ಕಣೋ. ದಿನಾ ಊರವರ ಬಾಯಿಗೆ ಬೆಳಕು ಬಿಟ್ಟವಳು ಮನೆಯಲ್ಲಿ ಅಪ್ಪನ ಬಾಯಿ ನೋಡಲಿಲ್ಲ.

ಹಾಗಾಗಿ ನೀನು ನೋಡಿಕೋ. ಬಿಳಿ ಕಲೆ ಕಂಡರೆ ಶುಭ್ರ ಅರಿವೆಯಿಂದ ಒರೆಸು. ಕೆನೆಯಂತೆ ಎದ್ದು ಬಂದರೆ ಫಂಗಸ್ ಇರಬಹುದು, ಔಷಧಿಗೆ ಹೋಗುತ್ತದೆ. ಒರೆಸಿದರೂ ಹೋಗದಿದ್ದರೆ ತೋರಿಸಲೇಬೇಕು. ಕೆಂಪು ಕಲೆ ಅದಕ್ಕಿಂತ ಕೆಟ್ಟದ್ದು. ಪರೀಕ್ಷೆ ಹೊತ್ತಿಗೆ ನಿದ್ದೆಗೆಟ್ಟು ಬರುವ ಸಣ್ಣ ದುಂಡು ಹುಣ್ಣು ಜೀವ ಹಿಂಡುತ್ತದೆ, ಆದರೆ ವಾರ-ಹತ್ತು ದಿನಕ್ಕೆ ಮಾಯುತ್ತದೆ. ನನಗೆ ಹೆದರಿಕೆ ಅದರದ್ದಲ್ಲ. ಅಂಚು ಗಟ್ಟಿಯಾಗಿ, ನೋವೇ ಇಲ್ಲದೆ, ಎರಡು ವಾರ ದಾಟಿದರೂ ಮಾಯದ ಹುಣ್ಣಿನದ್ದು. ಅಂಗುಳದ ನಡುವೆ ಎಲುಬಿನಂಥ ಉಬ್ಬು, ನಾಲಿಗೆ ಮೇಲೆ ಜಾಗ ಬದಲಿಸುವ ನಕ್ಷೆಯಂಥ ಕಲೆ ಕೆಲವರಿಗೆ ಇರುತ್ತವೆ. ಅವು ನಿರುಪದ್ರವಿ.

ಇನ್ನು ನಿನ್ನ ಮುಂದಿನ ಹಲ್ಲಿನ ಕಂದು ಗೆರೆ. ಫೋಟೋದಲ್ಲಿ ಬಾಯಿಗೆ ಕೈ ಅಡ್ಡ ಹಿಡಿಯುತ್ತೀಯಲ್ಲ, ಅದು ಹುಳುಕಲ್ಲ. ನಮ್ಮ ಯಾದಗಿರಿ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಹಲ್ಲು ಒಸಡಿನ ಒಳಗೆ ತಯಾರಾಗುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ ಕುಡಿದ ನೀರಿನ ಗುರುತು ಅದು. ಎಡಬಲದ ಜೋಡಿ ಹಲ್ಲುಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಹುಳುಕು ಹಾಗಲ್ಲ, ಒಂದು ಹಲ್ಲು ಹಿಡಿದು ಕೊರೆಯುತ್ತದೆ. ಅಲ್ಲಿ ಊಟ ಸಿಕ್ಕಿಕೊಳ್ಳುತ್ತದೆ, ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಗೆರೆ ಹೋಗಲಿ ಅಂತ ಇದ್ದಿಲು, ಉಪ್ಪು ಹಾಕಿ ತಿಕ್ಕಬೇಡ, ಹಲ್ಲು ಸವೆಯುತ್ತದೆ.

ರಾತ್ರಿಯೆಲ್ಲ ಚುಚ್ಚಿದ ಹಲ್ಲುನೋವು ತಾನಾಗೇ ನಿಂತರೆ ಖುಷಿ ಪಡಬೇಡ. ಒಳಗಿನ ನರ ಸತ್ತಿರಬಹುದು, ಕೀವು ಆಮೇಲೆ ಕಟ್ಟುತ್ತದೆ. ನಿನ್ನ ಅಕ್ಕನಿಗೂ ಒಂದು ಮಾತು ಹೇಳು: ಮಗಳಿಗೆ ಆರು ವರ್ಷವಾಯಿತು, ಹಾಲುಹಲ್ಲುಗಳ ಹಿಂದೆ ಹೊಸ ದವಡೆ ಹಲ್ಲು ಬಂದಿರುತ್ತದೆ. ಬಿದ್ದುಹೋಗುವ ಹಲ್ಲು ಅಂತ ಬಿಟ್ಟಾಳು. ಅದು ಜೀವನಪೂರ್ತಿ ಇರುವ ಹಲ್ಲು.

ಶನಿವಾರ ಬೆಳಗಿನ ಬಸ್ಸಿಗೆ ನಾನು ಕಲಬುರಗಿಗೆ ಬರುತ್ತೇನೆ. ಅಲ್ಲಿ ಡೆಂಟಲ್ ಕಾಲೇಜುಗಳೇ ಇವೆ, ಇಬ್ಬರೂ ಹೋಗೋಣ. ದಿನಕ್ಕೆ ಎಷ್ಟು ಪಾಕೀಟು ಅಂತ ಡಾಕ್ಟರಿಗೆ ನಿಜ ಹೇಳು, ಬೇಕಾದರೆ ನಾನು ಹೊರಗೆ ನಿಲ್ಲುತ್ತೇನೆ. ನಿಮ್ಮಪ್ಪನಿಗೆ ಇನ್ನೂ ಏನೂ ಹೇಳಿಲ್ಲ.

ಎಷ್ಟು ಬೆರಳು ಹಿಡಿಸಿತು ಅಂತ ಇವತ್ತೇ ಫೋನ್ ಮಾಡು.

ನಿನ್ನ ಅತ್ತೆ