ಹೊಂದುತ್ತದೆಂದು ಮಾರಿದ ರ‍್ಯಾಮ್ ಹೊಂದದಿರುವ ಬಗ್ಗೆ ದೂರು

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ವಿಷಯ: ತಲಾ 8 ಜಿಬಿಯ ಎರಡು ಡಿಡಿಆರ್3ಎಲ್ ಲ್ಯಾಪ್‌ಟಾಪ್ ರ‍್ಯಾಮ್‌ಗಳನ್ನು ಬದಲಿಸಿಕೊಡಲು ತಾವು ನಿರಾಕರಿಸಿರುವ ಕುರಿತು.

ಮೇಲೆ ಹೇಳಿದ ರ‍್ಯಾಮ್‌ಗಳನ್ನು (ಕಡಿಮೆ ವೋಲ್ಟೇಜ್‌ನಲ್ಲಿ ನಡೆಯುವ ಡಿಡಿಆರ್3 ಬಗೆಯವು) ನಾನು ಕಳೆದ ತಿಂಗಳು ತಮ್ಮ ಜಾಲತಾಣದಿಂದಲೇ ತರಿಸಿಕೊಂಡೆ. ತಮ್ಮ ತಾಣದ ಹೊಂದಾಣಿಕೆಯ ಪಟ್ಟಿಯಲ್ಲಿ ನನ್ನ ಲ್ಯಾಪ್‌ಟಾಪ್‌ನ ಮಾದರಿ ಸಂಖ್ಯೆಯನ್ನು ನಮೂದಿಸಿದಾಗ, ಈ ಮಾಡ್ಯೂಲ್ (ರ‍್ಯಾಮ್ ಪಟ್ಟಿ) ನನ್ನ ಯಂತ್ರಕ್ಕೆ ಖಚಿತವಾಗಿ ಹೊಂದುತ್ತದೆ ಎಂಬ ಉತ್ತರ ಬಂದಿತ್ತು. ಆ ಮಾತನ್ನು ನಂಬಿಯೇ ಹಣ ಕಟ್ಟಿದೆ. ರ‍್ಯಾಮ್‌ಗಳು ಹೊಂದಲಿಲ್ಲ. ಅದಕ್ಕಿಂತ ಹೆಚ್ಚು ನೋವು ತಂದದ್ದು, ಯಂತ್ರವನ್ನು ನಾನೇ ಬಿಚ್ಚಿ ಅವುಗಳನ್ನು ಕೂರಿಸಿದೆ ಎಂಬ ಕಾರಣವೊಡ್ಡಿ ತಮ್ಮ ಸಿಬ್ಬಂದಿ ವಾರಂಟಿಯನ್ನೇ ತಳ್ಳಿಹಾಕಿದ್ದು.

ನನ್ನದು 2013ರಲ್ಲಿ ಕೊಂಡ ಲ್ಯಾಪ್‌ಟಾಪ್. ಇಂಟೆಲ್‌ನ ಮೂರನೆಯ ತಲೆಮಾರಿನ ಕೋರ್ ಪ್ರೊಸೆಸರ್, ರ‍್ಯಾಮ್‌ಗೆ ಎರಡು ಸ್ಲಾಟ್, ಒಟ್ಟು 16 ಜಿಬಿಯವರೆಗೆ ಹಾಕಿಕೊಳ್ಳಬಹುದೆಂದು ತಯಾರಕರ ಸರ್ವಿಸ್ ಕೈಪಿಡಿ ಹೇಳುತ್ತದೆ. ಹಳೆಯ ಪುಸ್ತಕಗಳ ಸ್ಕ್ಯಾನ್ ಮಾಡಿದ ಪುಟಗಳನ್ನು ಶುದ್ಧಗೊಳಿಸಿ ಜೋಡಿಸುವುದು ನನ್ನ ಕೆಲಸ. ಹತ್ತಿಪ್ಪತ್ತು ಪುಟಗಳನ್ನು ಒಟ್ಟಿಗೆ ತೆರೆದರೆ ಅದರಲ್ಲಿದ್ದ 4 ಜಿಬಿ ತುಂಬಿಹೋಗಿ, ಉಳಿದದ್ದನ್ನು ಯಂತ್ರ ಡಿಸ್ಕ್‌ಗೆ ಬರೆಯುತ್ತ, ಮತ್ತೆ ಓದುತ್ತ ನಿಧಾನವಾಗುತ್ತಿತ್ತು. ಕಳೆದ ವರ್ಷ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಯನ್ನು ನಾನೇ ಹಾಕಿದ್ದೆ; ಅದರಿಂದ ಯಂತ್ರಕ್ಕೆ ಹೊಸ ಜೀವ ಬಂದಿತ್ತು. ಉಳಿದಿದ್ದ ಕೊರತೆ ರ‍್ಯಾಮ್ ಒಂದೇ. ಕೀಲಿಮಣೆ, ಪರದೆ, ಪ್ರೊಸೆಸರ್ ಎಲ್ಲವೂ ಸರಿಯಾಗಿರುವ ಯಂತ್ರವನ್ನು ಅಂಗೈಯಗಲದ ಎರಡು ಪಟ್ಟಿಗಳ ಕೊರತೆಗಾಗಿ ಕಸಕ್ಕೆ ಹಾಕಲು ನನಗೆ ಮನಸ್ಸಿಲ್ಲ. ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುವುದರಿಂದ, ಬದಲಿಸಲು ಸಾಧ್ಯವಿರುವ ಇಂಥ ಯಂತ್ರದ ಬೆಲೆ ನನಗೆ ಇನ್ನೂ ಹೆಚ್ಚು.

ಕೆಲಸವನ್ನು ನಾನು ಅವಸರದಲ್ಲಿ ಮಾಡಲಿಲ್ಲ. ಚಾರ್ಜರ್ ಕಿತ್ತು, ಬ್ಯಾಟರಿ ಹೊರತೆಗೆದು, ಒಳಗೆ ಉಳಿದ ವಿದ್ಯುತ್ ಇಳಿದುಹೋಗಲೆಂದು ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮೈಯಲ್ಲಿನ ಸ್ಥಿರವಿದ್ಯುತ್ ಚಿಪ್‌ಗಳಿಗೆ ತಗುಲದಂತೆ ಮಣಿಕಟ್ಟಿಗೆ ಅರ್ತಿಂಗ್ ಪಟ್ಟಿ ಕಟ್ಟಿಕೊಂಡ ಮೇಲೆಯೇ ತಳದ ಮುಚ್ಚಳ ತೆಗೆದೆ. 204 ಪಿನ್‌ಗಳ ಆ ಮಾಡ್ಯೂಲನ್ನು ಕಚ್ಚು ಹೊಂದುವ ಕಡೆಯಿಂದ ಓರೆಯಾಗಿ ಒಳತಳ್ಳಿ, ಎರಡೂ ಬದಿಯ ಕೊಂಡಿಗಳು ಟಕ್ಕೆಂದು ಹಿಡಿಯುವವರೆಗೆ ಕೆಳಕ್ಕೆ ಒತ್ತಿದೆ. ಆದರೆ ಯಂತ್ರ ಚಾಲೂ ಆಗಲಿಲ್ಲ. ಫ್ಯಾನ್ ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು.

ತಪ್ಪು ನನ್ನದೇ ಇರಬಹುದೆಂದು ಮೊದಲು ನನ್ನನ್ನೇ ಅನುಮಾನಿಸಿದೆ. ಹೊಸ ಎರಡರಲ್ಲಿ ಒಂದೊಂದನ್ನೇ, ಒಂದೊಂದು ಸ್ಲಾಟ್‌ನಲ್ಲಿ ಹಾಕಿ ನೋಡಿದೆ. ನಾಲ್ಕು ಸಲವೂ ಅದೇ ಕಪ್ಪು ಪರದೆ. ಹಳೆಯ 4 ಜಿಬಿಯನ್ನು ಮರಳಿ ಹಾಕಿದಾಗ ಎರಡೂ ಸ್ಲಾಟ್‌ಗಳಲ್ಲಿ ಯಂತ್ರ ಎಂದಿನಂತೆ ಏಳುತ್ತಿತ್ತು. ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶವಾದ ಬಯೋಸ್ ಅನ್ನು ತಯಾರಕರು ಕೊಟ್ಟಿರುವ ಕೊನೆಯ ಆವೃತ್ತಿಗೆ ಏರಿಸಿದೆ, ಫಲವಿಲ್ಲ. ಕಡೆಗೆ ಸ್ನೇಹಿತರೊಬ್ಬರ ಲ್ಯಾಪ್‌ಟಾಪ್‌ನಿಂದ 8 ಜಿಬಿಯ ಡಿಡಿಆರ್3ಎಲ್ ಮಾಡ್ಯೂಲ್ ಒಂದನ್ನು ಎರವಲು ತಂದು ಹಾಕಿದಾಗ ಯಂತ್ರ ತಕ್ಷಣ ಎದ್ದಿತು, ಪೂರ್ಣ 8 ಜಿಬಿಯನ್ನು ತೋರಿಸಿತು, ರ‍್ಯಾಮ್‌ನ ದೋಷ ಹುಡುಕಲು ರಾತ್ರಿಯಿಡೀ ನಡೆಸಿದ ಮೆಮ್‌ಟೆಸ್ಟ್86+ ಪರೀಕ್ಷೆಯಲ್ಲಿ ಒಂದೇ ಒಂದು ದೋಷವೂ ಕಾಣಲಿಲ್ಲ.

ಸ್ನೇಹಿತರ ಮಾಡ್ಯೂಲನ್ನೂ ತಮ್ಮದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗಲೇ ನನಗೆ ವಿಷಯ ತಿಳಿದದ್ದು. ಎರಡೂ 8 ಜಿಬಿ, ಎರಡೂ 1.35 ವೋಲ್ಟ್, ಎರಡರ ಮೇಲೂ ಪಿಸಿ3ಎಲ್-12800 ಎಂಬ ಒಂದೇ ವೇಗದ ಗುರುತು ಮುದ್ರಿಸಿದೆ. ಆದರೆ ಸ್ನೇಹಿತರದರ ಚೀಟಿಯ ಮೇಲೆ 2ಆರ್‌ಎಕ್ಸ್8 ಎಂದಿದ್ದರೆ, ತಮ್ಮದರ ಮೇಲೆ 1ಆರ್‌ಎಕ್ಸ್8 ಎಂದಿದೆ. ಅದರ ಮೊದಲ ಅಂಕಿ ಚಿಪ್‌ಗಳ ಗುಂಪುಗಳೆಷ್ಟು ಎಂಬುದನ್ನು ಹೇಳುತ್ತದೆ. ಸ್ನೇಹಿತರದರಲ್ಲಿ ತಲಾ 4 ಗಿಗಾಬಿಟ್‌ನ 16 ಚಿಪ್‌ಗಳಿವೆ. ತಮ್ಮದರಲ್ಲಿ ತಲಾ 8 ಗಿಗಾಬಿಟ್‌ನ 8 ಚಿಪ್‌ಗಳಿವೆ. 8 ಗಿಗಾಬಿಟ್ ಎಂದರೆ 1 ಜಿಬಿ, ಆದ್ದರಿಂದ ಲೆಕ್ಕಕ್ಕೆ ಎರಡೂ ಒಂದೇ ಮೊತ್ತ. ನನ್ನ ಪ್ರೊಸೆಸರ್‌ನೊಳಗಿನ ಮೆಮೊರಿ ನಿಯಂತ್ರಕಕ್ಕೆ ಮಾತ್ರ ಅವೆರಡೂ ಒಂದೇ ಅಲ್ಲ. ಆ ತಲೆಮಾರಿನ ನಿಯಂತ್ರಕ 1, 2 ಮತ್ತು 4 ಗಿಗಾಬಿಟ್‌ನ ಚಿಪ್‌ಗಳನ್ನು ಗುರುತಿಸುವಂತೆ ರಚಿತವಾದುದು. 8 ಗಿಗಾಬಿಟ್‌ನ ಚಿಪ್‌ನಲ್ಲಿ ಯಾವ ದತ್ತಾಂಶ ಎಲ್ಲಿದೆಯೆಂದು ವಿಳಾಸ ಕೊಡುವ ವಿಧಾನವೇ ಅದಕ್ಕೆ ಗೊತ್ತಿಲ್ಲ. ಇದು ಗುಟ್ಟಿನ ಸಂಗತಿಯೇನಲ್ಲ, ಪ್ರೊಸೆಸರ್‌ನ ತಾಂತ್ರಿಕ ವಿವರಣೆಯಲ್ಲಿಯೇ ಇದೆ. ರ‍್ಯಾಮ್ ಮಾರುವುದನ್ನೇ ಕಸುಬಾಗಿಸಿಕೊಂಡಿರುವ ಸಂಸ್ಥೆ ಇದನ್ನು ತಿಳಿದಿರಬೇಕೆಂದು ನಿರೀಕ್ಷಿಸುವುದು ಅತಿಯಾಗಲಾರದು. ಸಾಮಾನ್ಯ ಗ್ರಾಹಕನಾದರೂ ವೋಲ್ಟೇಜ್ ನೋಡಿಯಾನು, ವೇಗ ನೋಡಿಯಾನು. ಚಿಪ್‌ನ ಸಾಂದ್ರತೆ, ಅಂದರೆ ಒಂದೊಂದು ಚಿಪ್ ಎಷ್ಟು ಗಿಗಾಬಿಟ್‌ನದು ಎಂಬುದು, ತಮ್ಮ ಮಾರಾಟದ ಪುಟದಲ್ಲಿ ಎಲ್ಲಿಯೂ ಇಲ್ಲದಿರುವಾಗ ಅದನ್ನು ಅವನು ನೋಡುವುದಾದರೂ ಎಲ್ಲಿ?

ಇಷ್ಟನ್ನೂ ಚಿತ್ರಸಮೇತ ಬರೆದು ತಿಳಿಸಿದಾಗ ತಮ್ಮ ಕಡೆಯಿಂದ ಬಂದ ಮೊದಲ ಉತ್ತರ, ಡ್ರೈವರ್‌ಗಳನ್ನು ನವೀಕರಿಸಿ ಎಂಬುದಾಗಿತ್ತು. ಪರದೆಯೇ ಬೆಳಗದ ಯಂತ್ರದಲ್ಲಿ ಡ್ರೈವರ್ ನವೀಕರಿಸುವುದು ಹೇಗೆಂದು ಕೇಳಿದ್ದಕ್ಕೆ, ಮಾಡ್ಯೂಲ್‌ಗಳನ್ನು ಕಳಿಸಿಕೊಡುವಂತೆ ಹೇಳಿದರು. ನನ್ನ ಖರ್ಚಿನಲ್ಲಿಯೇ ಕಳಿಸಿದೆ. ತಮ್ಮ ಪರೀಕ್ಷಾ ಯಂತ್ರದಲ್ಲಿ ಅವು ಸರಿಯಾಗಿ ನಡೆಯುತ್ತವೆ, ಆದ್ದರಿಂದ ದೋಷ ನಿಮ್ಮ ಮದರ್‌ಬೋರ್ಡ್‌ನದು ಎಂಬ ಟಿಪ್ಪಣಿಯೊಂದಿಗೆ ಅವು ಹಿಂದಿರುಗಿದವು. ಮಾಡ್ಯೂಲ್‌ಗಳು ಕೆಟ್ಟಿವೆ ಎಂದು ನಾನು ಒಮ್ಮೆಯೂ ಹೇಳಿಲ್ಲ. 8 ಗಿಗಾಬಿಟ್‌ನ ಚಿಪ್ ಗುರುತಿಸುವ ನಂತರದ ತಲೆಮಾರಿನ ಡಿಡಿಆರ್3ಎಲ್ ಯಂತ್ರದಲ್ಲಿ ಅವು ಚೆನ್ನಾಗಿಯೇ ನಡೆದಾವು. ತಾವು ಹೊಂದುತ್ತದೆಂದು ಬರೆದುಕೊಟ್ಟ ಯಂತ್ರಕ್ಕೆ ಅವು ಹೊಂದುವುದಿಲ್ಲ ಎಂಬುದು ನನ್ನ ದೂರು, ಆ ದೂರಿಗೆ ಇದುವರೆಗೆ ಉತ್ತರವೇ ಬಂದಿಲ್ಲ.

ಮೂರನೆಯ ಪತ್ರದಲ್ಲಿ, ಅಧಿಕೃತ ತಂತ್ರಜ್ಞರಲ್ಲದವರು ಅಳವಡಿಸಿದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ ಎಂದು ಬರೆದು ಪ್ರಕರಣವನ್ನು ಮುಗಿಸಿದ್ದಾರೆ. ಈ ಮಾತಿನ ಬಗ್ಗೆ ನನ್ನ ಆಕ್ಷೇಪ ತೀವ್ರವಾದುದು. ತಮ್ಮ ಪೊಟ್ಟಣದೊಳಗೇ ಒಂದು ಮಡಿಸಿದ ಹಾಳೆ ಇದೆ; ಮುಚ್ಚಳ ತೆಗೆಯುವುದು ಹೇಗೆ, ಮಾಡ್ಯೂಲನ್ನು ಯಾವ ಕೋನದಲ್ಲಿ ಹಿಡಿಯಬೇಕು, ಎಲ್ಲಿ ಒತ್ತಬೇಕು ಎಂಬುದನ್ನು ಅದರಲ್ಲಿ ಚಿತ್ರಗಳ ಮೂಲಕ ತೋರಿಸಲಾಗಿದೆ. ಯಾರ ನೆರವೂ ಇಲ್ಲದೆ ನೀವೇ ಹಾಕಿಕೊಳ್ಳಬಹುದು ಎಂದು ಪೊಟ್ಟಣದ ಮೇಲೆಯೇ ಅಚ್ಚಾಗಿದೆ. ಮಾರುವಾಗ ನೀವೇ ಹಾಕಿಕೊಳ್ಳಿ ಎನ್ನುವುದು, ತೊಂದರೆಯಾದಾಗ ನೀವೇಕೆ ಹಾಕಿಕೊಂಡಿರಿ ಎನ್ನುವುದು ನ್ಯಾಯವಲ್ಲ. ತಮ್ಮ ಹಾಳೆಯ ಪ್ರತಿಯೊಂದು ಸೂಚನೆಯನ್ನೂ ನಾನು ಪಾಲಿಸಿದ್ದೇನೆ. ಮಾಡ್ಯೂಲ್‌ಗಳ ಮೇಲೆ ಗೀರಾಗಲಿ, ಸುಟ್ಟ ಗುರುತಾಗಲಿ ಇಲ್ಲ ಎಂಬುದಕ್ಕೆ, ಅವು ಸರಿಯಾಗಿ ನಡೆಯುತ್ತವೆ ಎಂಬ ತಮ್ಮ ಪರೀಕ್ಷಾ ಟಿಪ್ಪಣಿಯೇ ಸಾಕ್ಷಿ.

ಆದ್ದರಿಂದ, ತಲಾ 4 ಗಿಗಾಬಿಟ್‌ನ 16 ಚಿಪ್‌ಗಳುಳ್ಳ, 1.35 ವೋಲ್ಟ್‌ನ 8 ಜಿಬಿ ಮಾಡ್ಯೂಲ್‌ಗಳು ಎರಡನ್ನು ಇವುಗಳ ಬದಲಿಗೆ ಕಳಿಸಿಕೊಡಬೇಕೆಂದು ಕೋರುತ್ತೇನೆ. ಎರಡು ಮಾಡ್ಯೂಲ್‌ಗಳು ಜೊತೆಯಾಗಿ, ಪ್ರೊಸೆಸರ್‌ಗೆ ದತ್ತಾಂಶ ಒಯ್ಯುವ ಎರಡು ಚಾನೆಲ್‌ಗಳಲ್ಲಿ ಕೆಲಸ ಮಾಡಲೆಂದೇ ಜೋಡಿ ಕೊಂಡಿದ್ದರಿಂದ, ಎರಡೂ ಒಂದೇ ಬಗೆಯವಾಗಿರಲಿ. ಅಂಥವು ತಮ್ಮ ದಾಸ್ತಾನಿನಲ್ಲಿ ಇಲ್ಲವಾದರೆ ಪೂರ್ಣ ಹಣವನ್ನೂ, ಪರೀಕ್ಷೆಗೆ ಕಳಿಸಲು ತಗುಲಿದ ಅಂಚೆ ವೆಚ್ಚವನ್ನೂ ಹಿಂದಿರುಗಿಸಬೇಕು. ಜೊತೆಗೆ, ತಮ್ಮ ಹೊಂದಾಣಿಕೆಯ ಪಟ್ಟಿಯಿಂದ ನನ್ನ ಮಾದರಿಯ ಹೆಸರನ್ನು ಈ ಮಾಡ್ಯೂಲ್‌ನ ಮುಂದಿನಿಂದ ತೆಗೆದುಹಾಕಿ, ಮಾರಾಟದ ಪುಟದಲ್ಲಿ ಚಿಪ್‌ಗಳ ಸಾಂದ್ರತೆಯನ್ನೂ ಸಂಖ್ಯೆಯನ್ನೂ ನಮೂದಿಸಬೇಕು. ಈ ಕೊನೆಯ ಕೋರಿಕೆ ನನಗಾಗಿ ಅಲ್ಲ. ಎರವಲು ಕೊಡುವ ಸ್ನೇಹಿತರಿಲ್ಲದ ಗ್ರಾಹಕರು ತಮ್ಮ ಯಂತ್ರವೇ ಕೆಟ್ಟಿತೆಂದು ತಿಳಿದು ಅದನ್ನು ಎಸೆದಾರು ಎಂಬ ಆತಂಕದಿಂದ ಕೇಳುತ್ತಿದ್ದೇನೆ.

ಖರೀದಿ ರಸೀದಿಯ ಪ್ರತಿ, ಎರಡೂ ಬಗೆಯ ಮಾಡ್ಯೂಲ್‌ಗಳ ಚೀಟಿಯ ಚಿತ್ರಗಳು, ಹೊಂದಾಣಿಕೆಯನ್ನು ಖಚಿತಪಡಿಸಿದ ತಮ್ಮ ಪುಟದ ಚಿತ್ರ ಹಾಗೂ ತಮ್ಮ ಮೂರು ಉತ್ತರಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ. 15 ದಿನಗಳೊಳಗೆ ತಾವು ಖುದ್ದಾಗಿ ಪರಿಶೀಲಿಸಿದ ಲಿಖಿತ ಉತ್ತರ ಬರದಿದ್ದರೆ ಗ್ರಾಹಕರ ಹಿತರಕ್ಷಣೆಯ ವೇದಿಕೆಗೆ ಇದೇ ದಾಖಲೆಗಳೊಂದಿಗೆ ದೂರು ಸಲ್ಲಿಸುತ್ತೇನೆ. ಅಲ್ಲಿಯವರೆಗೆ ಮಾಡ್ಯೂಲ್‌ಗಳನ್ನು ಬಂದ ಪೊಟ್ಟಣದಲ್ಲಿಯೇ ಭದ್ರವಾಗಿ ಇಟ್ಟುಕೊಂಡಿರುತ್ತೇನೆ.

ಇಂತಿ,
ತಮ್ಮ ಗ್ರಾಹಕ