ತರಬೇತಿಯ ಹಣ ನನಗೆ ಸಿಕ್ಕಿತು, ಅವರಿಗೆ ಸಿಗಲಿಲ್ಲ
ಕೆನಡಾ ಸರ್ಕಾರದ ಉತ್ತರ ಪ್ರದೇಶಗಳ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಯಾಕೆ ಬರೆದೆ ಅಂದರೆ, ಕೆನಡಾದಲ್ಲಿ ಈಗ ನಮ್ಮ ಜನ ಸಾಕಷ್ಟಿದ್ದೇವೆ. ನಾವೂ ತೆರಿಗೆ ಕಟ್ಟುತ್ತೇವೆ. ಆದರೆ ಟೊರಾಂಟೊ ದಾಟಿ ಉತ್ತರಕ್ಕೆ ಹೋದರೆ ಯಾರಿದ್ದಾರೆ, ಹೇಗಿದ್ದಾರೆ ಅಂತ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಕೆನಡಾದ ಉತ್ತರ ತುದಿಯ ಪ್ರದೇಶವಾದ ನುನಾವುಟ್‌ನ ಒಂದು ಸಣ್ಣ ಊರಿಗೆ ಟೀಚರಾಗಿ ಹೋಗುವವರೆಗೆ ನನಗೂ ಗೊತ್ತಿರಲಿಲ್ಲ.

ಅಲ್ಲಿ ಮೂರು ವರ್ಷ ಇದ್ದೆ. ಇಡೀ ನುನಾವುಟ್‌ನಲ್ಲಿ ಇರುವುದು 25 ಊರು. ಒಂದೂರಿಂದ ಇನ್ನೊಂದೂರಿಗೆ ರಸ್ತೆ ಇಲ್ಲ. ವಿಮಾನವೇ ಬಸ್ಸು. ಬೇಸಿಗೆಯಲ್ಲಿ ಸಮುದ್ರದ ಮೇಲಿನ ಐಸು ಕರಗಿದಾಗ ಹಡಗಿನಲ್ಲಿ ಸಾಮಾನು ಬರುತ್ತದೆ. ನಾನು ನಾಲ್ಕನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೆ. ಮಕ್ಕಳ ಮನೆಮಾತು ಇನುಕ್ಟಿಟುಟ್. ಅದರಲ್ಲಿ ನನಗೆ ಒಂದಕ್ಷರವೂ ಬರುತ್ತಿರಲಿಲ್ಲ.

ಕ್ಲಾಸಿನಲ್ಲಿ ನನ್ನ ಜೊತೆ ಒಬ್ಬರು ಸಹಾಯಕಿ ಇದ್ದರು. ಆ ಊರಿನವರೇ, ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನಾಂಗದವರು. ನಾನು ಭಿನ್ನರಾಶಿ ಹೇಳಿಕೊಟ್ಟು ಸೋತಾಗ, ಸೀಲ್ ಮಾಂಸವನ್ನು ನೆಂಟರ ಮನೆಗಳಿಗೆ ಹೇಗೆ ಪಾಲು ಮಾಡುತ್ತಾರೆ ಅಂತ ಅವರು ತಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಮಕ್ಕಳ ಮುಖ ಅರಳುತ್ತಿತ್ತು. ಆ ಕೋಣೆಯಲ್ಲಿ ನಿಜವಾದ ಟೀಚರ್ ಅವರೇ.

ಎರಡನೇ ವರ್ಷ ನನಗೆ ವೃತ್ತಿ ತರಬೇತಿಯ ಹಣ ಮಂಜೂರಾಯಿತು. ಮೂರು ವಿಮಾನ ಬದಲಿಸಿ ದಕ್ಷಿಣದ ನಗರಕ್ಕೆ ಹೋದೆ. ನಾಲ್ಕು ದಿನ ಹೋಟೆಲಿನಲ್ಲಿದ್ದು ಸರ್ಟಿಫಿಕೇಟ್ ತಂದೆ. ಅವರದು ಸಹಾಯಕಿ ಹುದ್ದೆ, ಹಾಗಾಗಿ ಅವರಿಗೆ ಏನೂ ಇರಲಿಲ್ಲ. ಟೀಚರಾಗಬೇಕಾದರೆ ಮನೆ ಬಿಟ್ಟು ದೂರದ ಊರಿನಲ್ಲಿ ವರ್ಷಗಟ್ಟಲೆ ಓದಬೇಕಿತ್ತು. ಮೂವರು ಮಕ್ಕಳು, ವಯಸ್ಸಾದ ತಾಯಿ, ಅಲ್ಲಿ ಇರುವುದಕ್ಕೆ ಮನೆಯೂ ಸಿಗುವುದಿಲ್ಲ. ಹೇಗೆ ಹೋಗುತ್ತಾರೆ? ಒಂದು ಸಲ ಕೋರ್ಸೇ ಆ ಊರಿಗೆ ಬಂದಿತ್ತಂತೆ. ಇವರು ಸೇರಿಯೂ ಇದ್ದರು. ಒಂದು ವರ್ಷ ನಡೆದು, ಹಣ ಮುಂದುವರಿಯದೆ ನಿಂತುಹೋಯಿತು.

ಮೂರು ವರ್ಷ ಮುಗಿಸಿ ನಾನು ಹೊರಟು ಬಂದೆ. ನನ್ನ ಮೇಲೆ ಖರ್ಚು ಮಾಡಿದ ದುಡ್ಡೂ ನನ್ನ ಜೊತೆಗೇ ಬಂದ ಹಾಗಾಯಿತು. ಅವರು ಇವತ್ತಿಗೂ ಅದೇ ಶಾಲೆಯಲ್ಲಿದ್ದಾರೆ.

ನಮ್ಮಮ್ಮ ತನ್ನದೇ ಜಿಲ್ಲೆಯಲ್ಲಿ, ಕನ್ನಡದಲ್ಲೇ ಟೀಚರ್ ತರಬೇತಿ (ಟಿಸಿಎಚ್) ಓದಿದವರು. ಶನಿವಾರ ಬಸ್ಸು ಹತ್ತಿ ಮನೆಗೆ ಬರುತ್ತಿದ್ದರಂತೆ. ಆಮೇಲೆ ಸುತ್ತಲಿನ ಹಳ್ಳಿಗಳಲ್ಲೇ ನಿವೃತ್ತಿಯವರೆಗೆ ಪಾಠ ಮಾಡಿದರು. ತರಬೇತಿಗಾಗಿ ಸಾವಿರಾರು ಕಿಲೋಮೀಟರ್ ಹೋಗಬೇಕಿದ್ದರೆ, ಅದೂ ಬೇರೆ ಭಾಷೆಯಲ್ಲಿ ಕಲಿಯಬೇಕಿದ್ದರೆ, ಅಮ್ಮ ಟೀಚರೇ ಆಗುತ್ತಿರಲಿಲ್ಲ.

ಸಚಿವರೇ, ನುನಾವುಟ್‌ನಲ್ಲಿ ಸುಮಾರು 85% ಜನ ಇನುಯಿಟ್. ಸರ್ಕಾರಿ ಕೆಲಸಗಳಲ್ಲೂ ಅವರ ಪಾಲು ಅಷ್ಟೇ ಆಗಬೇಕು ಅಂತ ಅವರು ಕೆನಡಾ ಸರ್ಕಾರದ ಜೊತೆ ಮಾಡಿಕೊಂಡ ಭೂ ಒಪ್ಪಂದದ 23ನೇ ವಿಧಿ ಹೇಳುತ್ತದೆ. ಆಗಿರುವುದು ಅರ್ಧದ ಆಸುಪಾಸು. 2019-20ರ ಹೊತ್ತಿಗೆ ಎಲ್ಲ ತರಗತಿಗಳಲ್ಲೂ ಇನುಯಿಟ್ ಭಾಷೆಯಲ್ಲಿ ಪಾಠ ಸಿಗಬೇಕು ಅಂತ 2008ರಲ್ಲಿ ಕಾನೂನು ಬಂತು. ಕಲಿಸುವವರು ಸಾಕಷ್ಟಿರಲಿಲ್ಲ. 2020ರಲ್ಲಿ ಕಾನೂನು ತಿದ್ದಿ ಗಡುವನ್ನು 2039ರವರೆಗೆ ತಳ್ಳಿದರು. ನಾನು ಕಲಿಸಿದ ಮಕ್ಕಳಿಗೆ ಅಷ್ಟೊತ್ತಿಗೆ ಮಕ್ಕಳಾಗಿರುತ್ತವೆ. ಶಾಲೆ ನುನಾವುಟ್ ಸರ್ಕಾರದ ವಿಷಯ ಅಂತ ನೀವು ಹೇಳಬಹುದು. ಆದರೆ ಅದರ ಬಜೆಟ್ಟಿನ ಬಹುಪಾಲು ಒಟ್ಟಾವಾದಿಂದಲೇ, ಅಂದರೆ ನಿಮ್ಮ ಕೇಂದ್ರ ಸರ್ಕಾರದಿಂದಲೇ ಹೋಗುವುದು ಅಲ್ವಾ?

ಕೋರ್ಸನ್ನು ಅಲ್ಲಿಗೇ ಒಯ್ದರೆ ಜನ ಓದುತ್ತಾರೆ. ವಿಕ್ಟೋರಿಯಾ ವಿಶ್ವವಿದ್ಯಾಲಯದ ಕಾನೂನು ಪದವಿಯನ್ನು ನುನಾವುಟ್‌ನ ರಾಜಧಾನಿ ಇಕಾಲುಯಿಟ್‌ನಲ್ಲೇ ಕಲಿಸಿದಾಗ, 2005ರಲ್ಲಿ 11 ಮಂದಿ ಇನುಯಿಟ್ ಜನ ಪದವಿ ಪಡೆದರು. ಅಂಥ ಇನ್ನೊಂದು ಕೋರ್ಸ್ ಶುರುವಾಗಲು 2017 ಬರಬೇಕಾಯಿತು. ಹನ್ನೆರಡು ವರ್ಷ! ಹೀಗೆ ಒಂದು ಸಲ ಕೊಟ್ಟು ನಿಲ್ಲಿಸಿಬಿಡುವುದೇ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವುದು.

ಸಂಶೋಧನೆಯ ಹಣದ ಕಥೆಯೂ ಇದೇ. ಬೇಸಿಗೆ ಬಂತೆಂದರೆ ದಕ್ಷಿಣದ ವಿಶ್ವವಿದ್ಯಾಲಯಗಳ ತಂಡಗಳು ಬರುತ್ತವೆ. ಹಣ ಅವರ ಹೆಸರಿನಲ್ಲಿ, ಪ್ರಶ್ನೆಯೂ ಅವರದೇ. ಊರಿನವರಿಗೆ ಸಿಗುವುದು ಕೆಲವು ದಿನದ ದಾರಿ ತೋರಿಸುವ ಕೂಲಿ. ಒಬ್ಬ ಹಿರಿಯರು ನನ್ನನ್ನು ಕೇಳಿದ್ದರು, "ಹೋದ ಸಲ ಬಂದವರು ಏನು ಕಂಡುಹಿಡಿದರು?" ವರದಿ ಇಂಗ್ಲಿಷಿನಲ್ಲಿ ಎಲ್ಲೋ ಅಚ್ಚಾಗಿರುತ್ತದೆ. ಅವರಿಗೆ ಏನು ಹೇಳಲಿ?

ಇನುಯಿಟ್ ಜನರಿಗೆ ಗೊತ್ತಿರುವುದು ಕಡಿಮೆ ಏನಲ್ಲ. 1845ರಲ್ಲಿ ಹೊರಟು ಕಾಣೆಯಾದ ಬ್ರಿಟಿಷ್ ನಾವಿಕ ಫ್ರಾಂಕ್ಲಿನ್ ತಂಡದ ಟೆರರ್ ಹಡಗು ಸಿಕ್ಕಿದ್ದು 2016ರಲ್ಲಿ. ದಾರಿ ತೋರಿಸಿದ್ದು ಜೋವಾ ಹೇವನ್ ಊರಿನ ಸ್ಯಾಮಿ ಕೋಗ್ವಿಕ್. ವರ್ಷಗಳ ಹಿಂದೆ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಯಲ್ಲಿ ಹೋಗುವಾಗ ಐಸಿನಿಂದ ಮೇಲೆದ್ದ ಕಂಬವೊಂದನ್ನು ಅವರು ಕಂಡಿದ್ದರು. ಲ್ಯಾಬ್ರಡಾರ್‌ನ ಇನುಯಿಟ್ ಊರು ನೇನ್‌ನಲ್ಲಿ ಶುರುವಾದ ಸ್ಮಾರ್ಟ್‌ಐಸ್ ಯೋಜನೆ ನೋಡಿ. ಸ್ನೋಮೊಬೈಲ್ ಎಳೆಯುವ ಜಾರುಬಂಡಿಗೆ ಸೆನ್ಸರ್ ಕಟ್ಟಿ, ಊರಿನ ಯುವಕರೇ ಐಸಿನ ದಪ್ಪ ಅಳೆಯುತ್ತಾರೆ. ಎಲ್ಲಿ ನಡೆದರೆ ಜೀವಕ್ಕೆ ಅಪಾಯ ಅಂತ ಊರಿಗೆಲ್ಲ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಸಂಶೋಧನೆ ಅಂದರೆ ಇದು.

ಏನು ಮಾಡಬೇಕು ಅಂತ ಇನುಯಿಟ್ ಜನರೇ ನಿಮಗೆ ಬರೆದು ಕೊಟ್ಟಿದ್ದಾರೆ. ಅವರ ರಾಷ್ಟ್ರೀಯ ಸಂಸ್ಥೆ ಇನುಯಿಟ್ ಟಪಿರೀಟ್ ಕನಾಟಮಿ 2018ರಲ್ಲಿ ಹೊರತಂದ ಸಂಶೋಧನಾ ನೀತಿ ನಿಮ್ಮ ಕಪಾಟಿನಲ್ಲೇ ಇರುತ್ತದೆ. ನಮ್ಮ ಅಗತ್ಯಕ್ಕೆ ತಕ್ಕಂತೆ ಹಣ ಕೊಡಿ, ಮಾಹಿತಿ ನಮ್ಮ ಕೈಯಲ್ಲಿರಲಿ, ನಮ್ಮವರನ್ನು ತಯಾರು ಮಾಡಿ ಅಂತ ಅದರಲ್ಲಿದೆ. ನಾನು ಹೊಸದೇನೂ ಹೇಳುತ್ತಿಲ್ಲ. ಹಣ ನೇರವಾಗಿ ಊರಿನ ಸಂಸ್ಥೆಗಳಿಗೆ ಹೋಗಲಿ. ಒಂದು ವರ್ಷಕ್ಕಲ್ಲ, ಕೋರ್ಸ್ ಮುಗಿಯುವಷ್ಟು ವರ್ಷಕ್ಕೆ. ಮಾರ್ಚ್ 31ಕ್ಕೆ ಖರ್ಚು ಮಾಡಿ ಲೆಕ್ಕ ಕೊಡಿ ಅಂತ ಅವಸರ ಮಾಡಬೇಡಿ, ವಿಮಾನ ಹವಾಮಾನ ನೋಡಿಕೊಂಡು ಹಾರುವ ಊರುಗಳವು. ಓದುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಖರ್ಚು, ಮನೆ ಬಾಡಿಗೆ, ಸಂಬಳ ಇವೂ ತರಬೇತಿಯ ಖರ್ಚೇ ಅಂತ ಬರೆದುಕೊಳ್ಳಿ.

ಹೋದ ತಿಂಗಳು ನನ್ನ ಹಳೆಯ ಸಹೋದ್ಯೋಗಿ ಮೆಸೇಜ್ ಕಳಿಸಿದ್ದರು. ಅವರ ಕಿರಿಮಗಳು ಈಗ ದೊಡ್ಡವಳಾಗಿದ್ದಾಳೆ. "ಸೆಪ್ಟೆಂಬರಿಗೆ ಕೋರ್ಸ್ ನಮ್ಮೂರಿಗೆ ಬರುತ್ತದಾ, ನಿನಗೇನಾದರೂ ಗೊತ್ತಾ?" ಅಂತ ಕೇಳಿದ್ದಾರೆ. ನಾನಿನ್ನೂ ಉತ್ತರ ಬರೆದಿಲ್ಲ. ನಿಮ್ಮ ಉತ್ತರ ಬಂದ ಮೇಲೆ ಬರೆಯುತ್ತೇನೆ.

ಇಂತಿ,
ನುನಾವುಟ್‌ನಲ್ಲಿ ಪಾಠ ಮಾಡಿದ ಒಬ್ಬ ಕನ್ನಡ ಟೀಚರ್