ಸೇಗರ್‌ಗೆ ಸಿಕ್ಕ ಪ್ರೀತಿ, ನಮ್ಮಲ್ಲಿ ಆಗಬೇಕಾದ ಕೆಲಸ

ಮಾನ್ಯ ಸಂಪಾದಕರೇ,

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಪ್ರೇಮಿಗಳ ಅಚ್ಚುಮೆಚ್ಚಿನ ಟಿ.ವಿ. ವರದಿಗಾರ ಕ್ರೇಗ್ ಸೇಗರ್ ಅವರಿಗೆ 2014ರಲ್ಲಿ ರಕ್ತದ ಕ್ಯಾನ್ಸರ್ ಪತ್ತೆಯಾದಾಗ ಅಲ್ಲಿನ ಕ್ರೀಡಾಲೋಕ ನಡೆದುಕೊಂಡ ರೀತಿಯನ್ನು ನಮ್ಮ ಓದುಗರೂ ತಿಳಿಯಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಕಣ್ಣು ಕೋರೈಸುವ ಬಣ್ಣದ ಕೋಟುಗಳಿಗೆ ಹೆಸರಾಗಿದ್ದ ಅವರ ಪ್ರಶ್ನೆಗಳಿಗೆ ಸ್ಯಾನ್ ಆಂಟೋನಿಯೊ ತಂಡದ ಕೋಚ್ ಗ್ರೆಗ್ ಪೊಪೊವಿಚ್ ಗಡಸಾಗಿ, ಒಂದೆರಡು ಮಾತಿನಲ್ಲಿ ಉತ್ತರಿಸುತ್ತಿದ್ದರು. ಸೇಗರ್ ಚಿಕಿತ್ಸೆಯಲ್ಲಿದ್ದು, ಅವರ ಬದಲಿಗೆ ಮಗ ಮೈಕ್ ಹಿಡಿದು ಅಂಗಳಕ್ಕೆ ಬಂದ ದಿನ ಅದೇ ಪೊಪೊವಿಚ್ ಕ್ಯಾಮೆರಾದತ್ತ ತಿರುಗಿ, ಬೇಗ ಮರಳಿ ಬನ್ನಿ, ಇನ್ನು ಮೃದುವಾಗಿ ಮಾತಾಡುತ್ತೇನೆ ಎಂದು ಮಾತು ಕೊಟ್ಟರು.

2016ರ ಜೂನ್‌ನಲ್ಲಿ ಇಎಸ್‌ಪಿಎನ್ ಕ್ರೀಡಾ ವಾಹಿನಿ, ಪ್ರತಿಸ್ಪರ್ಧಿ ಟಿಎನ್‌ಟಿ ವಾಹಿನಿಯ ಸೇಗರ್ ಅವರನ್ನು ಎನ್‌ಬಿಎ (ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್) ಫೈನಲ್ಸ್‌ನ ಆರನೇ ಪಂದ್ಯದ ವರದಿಗೆ ಕರೆಸಿಕೊಂಡಿತು. ದಶಕಗಳ ವೃತ್ತಿಯಲ್ಲಿ ಅವರಿಗೆ ದೊರೆತ ಮೊದಲ ಫೈನಲ್ಸ್ ಅದು. ವ್ಯಾಪಾರದ ಪೈಪೋಟಿಯನ್ನು ಬದಿಗಿಟ್ಟ ಈ ನಡೆ ನನಗೆ ಯಾವ ಪ್ರಶಸ್ತಿಗಿಂತಲೂ ದೊಡ್ಡದು.

ಅದೇ ಡಿಸೆಂಬರ್‌ನಲ್ಲಿ, 65ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಚಿಕಿತ್ಸೆಗಾಗಿ ಎರಡು ಬಾರಿ ಅವರಿಗೆ ಅಸ್ಥಿಮಜ್ಜೆ (ಮೂಳೆಯೊಳಗೆ ರಕ್ತಕಣಗಳನ್ನು ತಯಾರಿಸುವ ಮೃದು ಭಾಗ) ಕೊಟ್ಟವರು ಮಗ. ಮೂರನೇ ಬಾರಿ, ಹೆಸರು ಹೇಳಿಕೊಳ್ಳದ ದಾನಿ. ಮನೆಯವರ ಮಜ್ಜೆ ಹೊಂದಾಣಿಕೆಯಾಗದ ರೋಗಿಗಳಿಗೆ ಇಂತಹ ಅಪರಿಚಿತರೇ ಆಸರೆ. ನಮ್ಮಲ್ಲೂ, ಬೆಂಗಳೂರಿನಲ್ಲಿರುವ ಡಿಕೆಎಂಎಸ್ ಫೌಂಡೇಷನ್ ಇಂಡಿಯಾದಂತಹ ಸಂಸ್ಥೆಗಳಲ್ಲಿ, ಆರೋಗ್ಯವಂತ ವಯಸ್ಕರು ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿ ಮಾದರಿ ಕೊಟ್ಟು ದಾನಿಗಳಾಗಿ ಹೆಸರು ನೋಂದಾಯಿಸಬಹುದು. ಚಿನ್ನಸ್ವಾಮಿ, ಕಂಠೀರವ ಕ್ರೀಡಾಂಗಣಗಳಿಗೆ ಬರುವ ಯುವಜನರ ನಡುವೆ ಇಂತಹ ನೋಂದಣಿ ಶಿಬಿರಗಳನ್ನು ಏರ್ಪಡಿಸಬೇಕೆಂದೂ, ಕನ್ನಡದ ವೀಕ್ಷಕ ವಿವರಣೆಗಾರರು ಪಂದ್ಯದ ನಡುವೆ ಅದರ ಬಗ್ಗೆ ಹೇಳಬೇಕೆಂದೂ ಸಂಘಟಕರಲ್ಲಿ ವಿನಂತಿಸುತ್ತೇನೆ.

– ಒಬ್ಬ ಕ್ರೀಡಾಭಿಮಾನಿ, ಮೈಸೂರು